ಮಾತ್ರೆಯ ಜೊತೆಗೆ ಕೊಡಬೇಕಾದ ಮಾತು

ನಮ್ಮ ಮೆಡಿಕಲ್ ಶಾಪುಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳು ಸಿಗುತ್ತವೆ. ಒಂದರ ಮುಚ್ಚಳ ಕೆಂಪು, ಇನ್ನೊಂದರದು ಕಿತ್ತಳೆ. ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆಯದು 100 ಯೂನಿಟ್ ಇರುವುದಕ್ಕೆ. ಬಹುಕಾಲದಿಂದ ಬಳಕೆಯಲ್ಲಿರುವ ಅಗ್ಗದ ಬಾಟಲಿಗಳು 40 ಯೂನಿಟಿನವು. ಗ್ಲಾರ್ಜಿನ್‌ನಂಥ ಹೊಸ ಬಗೆಯವು ಬರುವುದು 100 ಯೂನಿಟಿನಲ್ಲಿ. ವರ್ಷಗಟ್ಟಲೆ ಹಳೆಯ ಬಗೆಯನ್ನೇ ಚುಚ್ಚಿಕೊಂಡು ಬಂದವರಿಗೆ ವೈದ್ಯರು ಹೊಸದನ್ನು ಬರೆದು, ದಿನಕ್ಕೆ 20 ಯೂನಿಟ್ ಎಂದು ಸೂಚಿಸಿದರು ಎನ್ನಿ. ಮನೆಯಲ್ಲಿ ಉಳಿದಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲೇ 20ರ ಗೆರೆಯವರೆಗೆ ಎಳೆದುಕೊಂಡರೆ ಮೈಯೊಳಗೆ ಹೋಗುವುದು 20 ಯೂನಿಟ್ ಅಲ್ಲ, 50. ರಕ್ತದ ಸಕ್ಕರೆ ದಿಢೀರನೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಇಲ್ಲಿ ವೈದ್ಯರ ಚೀಟಿ ಸರಿಯಾಗಿದೆ, ಕಂಪನಿಯ ಔಷಧ ಸರಿಯಾಗಿದೆ, ರೋಗಿ ಹೇಳಿದಂತೆಯೇ 20 ಎಂದು ಎಣಿಸಿದ್ದಾರೆ. ಯಾರೂ ತಪ್ಪು ಮಾಡದೆ ಅಪಾಯವೊಂದು ಹುಟ್ಟಿಕೊಂಡಿದೆ. ಅದನ್ನು ತಡೆಯಬಲ್ಲ ಕೊನೆಯ ಜಾಗ ಔಷಧದಂಗಡಿಯ ಕೌಂಟರು, ತಡೆಯಬಲ್ಲ ಉಪಾಯ ‘ಮನೆಯಲ್ಲಿ ಯಾವ ಬಣ್ಣದ ಮುಚ್ಚಳದ ಸಿರಿಂಜಿದೆ?’ ಎಂಬ ಒಂದೇ ಒಂದು ಪ್ರಶ್ನೆ. ಆ ಪ್ರಶ್ನೆ ಕೇಳುವುದೇ ಫಾರ್ಮಸಿಸ್ಟರ ವೃತ್ತಿ. ಡಬ್ಬ ತೆಗೆದುಕೊಡುವುದು, ಬಿಲ್ ಹಾಕುವುದು, ಚಿಲ್ಲರೆ ಎಣಿಸುವುದು ಆ ವೃತ್ತಿಯ ಸುತ್ತ ಇರುವ ವ್ಯಾಪಾರ ಮಾತ್ರ. ನಾವು ವ್ಯಾಪಾರವನ್ನು ಉಳಿಸಿಕೊಂಡು ವೃತ್ತಿಯನ್ನು ಕೈಬಿಟ್ಟಿದ್ದೇವೆ ಎಂಬುದೇ ನನ್ನ ವಾದ.

ಕಾನೂನಿನಲ್ಲಿ ಈ ವೃತ್ತಿಗೆ ಕೊಟ್ಟಿರುವ ಸ್ಥಾನ ಸಣ್ಣದೇನಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ, ವೈದ್ಯರ ಚೀಟಿಯ ಮೇಲೆ ಔಷಧ ತಯಾರಿಸಿ, ಬೆರೆಸಿ, ವಿತರಿಸುವ ಅಧಿಕಾರ ಇರುವುದು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ. ಬಹುಕಾಲ ಇದನ್ನು ಮೀರಿದವರಿಗಿದ್ದ ದಂಡ ಹೆಚ್ಚೆಂದರೆ ಸಾವಿರ ರೂಪಾಯಿ. 2023ರ ಜನವಿಶ್ವಾಸ ಕಾಯ್ದೆ ಅದನ್ನು 2 ಲಕ್ಷ ರೂಪಾಯಿವರೆಗೆ ಏರಿಸಿತು. ಭಾರತೀಯ ಫಾರ್ಮಸಿ ಕೌನ್ಸಿಲ್ 2015ರಲ್ಲಿ ಹೊರಡಿಸಿದ ವೃತ್ತಿ ನಿಯಮಾವಳಿ ಇನ್ನೂ ಮುಂದೆ ಹೋಗುತ್ತದೆ. ಔಷಧದ ಹೆಸರೇನು, ಅದು ಯಾತಕ್ಕೆ, ಎಷ್ಟು ದಿನ, ಹೇಗೆ ತೆಗೆದುಕೊಳ್ಳಬೇಕು, ಯಾವ ಅಡ್ಡಪರಿಣಾಮ ಕಂಡರೆ ಎಚ್ಚರವಾಗಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಮನೆಯಲ್ಲಿ ಎಲ್ಲಿಡಬೇಕು, ಇಷ್ಟನ್ನೂ ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಎಂದು ಅದು ಬಿಡಿಸಿ ಬರೆದಿದೆ. ಈ ನಿಯಮಾವಳಿ ಬಂದು ಹತ್ತು ವರ್ಷ ದಾಟಿತು. ರಾಜ್ಯದ ಯಾವುದೇ ಊರಿನ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಿಂತು ನೋಡಿದರೆ ಇಷ್ಟರಲ್ಲಿ ಎಷ್ಟು ನಡೆಯುತ್ತಿದೆ ಎಂಬುದನ್ನು ಓದುಗರೇ ಹೇಳಬಲ್ಲರು. ಬಹಳವೆಂದರೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಈ ಸ್ಥಿತಿಗೆ ಒಂದು ಇತಿಹಾಸವಿದೆ. ಕಲಬೆರಕೆ ಔಷಧಗಳ ಹಾವಳಿಯನ್ನು ಪರಿಶೀಲಿಸಲು 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ, ಔಷಧದ ಗುಣಮಟ್ಟಕ್ಕೆ ಕಾನೂನು ಬೇಕು ಎಂದದ್ದು ಮಾತ್ರವಲ್ಲ, ಔಷಧ ಕೊಡುವವರಿಗೂ ಶಿಕ್ಷಣ ಬೇಕು ಎಂದಿತ್ತು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವಲಾಲ್ ಶ್ರಾಫ್ ಈ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ಆಗ ಔಷಧ ಬೆರೆಸುವುದೇ ದೊಡ್ಡ ವಿದ್ಯೆ. ಆಸ್ಪತ್ರೆಯ ಕಾಂಪೌಂಡರು ತೂಕ ಮಾಡಿ, ಅರೆದು, ಕಲಸಿ, ಗೆರೆ ಅಂಟಿಸಿದ ಸೀಸೆಯಲ್ಲಿ ಮಿಕ್ಸ್ಚರ್ ಕೊಡುತ್ತಿದ್ದ ಕಾಲ ಅದು. ಆ ಕೆಲಸ ಕಾರ್ಖಾನೆಗೆ ಹೋಯಿತು. ಮಾತ್ರೆಗಳು ಎಣಿಸಿ, ಪೊಟ್ಟಣ ಕಟ್ಟಿ, ದರ ಅಚ್ಚಾಗಿ ಬರತೊಡಗಿದವು. ಹಾಗಾದರೆ ಫಾರ್ಮಸಿಸ್ಟರಿಗೆ ಉಳಿದ ಕೆಲಸವೇನು ಎಂಬ ಪ್ರಶ್ನೆ ಜಗತ್ತಿನಾದ್ಯಂತ ಎದ್ದಿತು. 1990ರಲ್ಲಿ ಅಮೆರಿಕದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಬರೆದ ಲೇಖನವೊಂದು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು: ಔಷಧವನ್ನು ತಲುಪಿಸಿದ ಕೂಡಲೇ ಫಾರ್ಮಸಿಸ್ಟರ ಹೊಣೆ ತೀರುವುದಿಲ್ಲ, ಆ ಔಷಧದಿಂದ ರೋಗಿಗೆ ಆಗುವ ಫಲಕ್ಕೂ ಅವರು ಉತ್ತರದಾಯಿಗಳು. ನಮ್ಮಲ್ಲಿ ಈ ಚಿಂತನೆಯನ್ನು ತರಗತಿಗೂ ಆಸ್ಪತ್ರೆಯ ವಾರ್ಡಿಗೂ ಮೊದಲಿಗೆ ತಂದ ಸಂಸ್ಥೆಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜೂ ಒಂದು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ಪದವಿಯೂ ದೇಶದಲ್ಲಿ ಆರಂಭವಾಯಿತು. ಅಂದರೆ ವಿದ್ಯೆ ಇಲ್ಲದಿರುವುದು ನಮ್ಮ ಸಮಸ್ಯೆಯಲ್ಲ. ವಿದ್ಯೆ ಕಲಿತವರು ರೋಗಿಯ ಎದುರು ನಿಲ್ಲುತ್ತಿಲ್ಲ.

ವೈದ್ಯರು ಎಲ್ಲವನ್ನೂ ಹೇಳಿಯೇ ಕಳಿಸಿರುತ್ತಾರಲ್ಲ, ನಡುವೆ ಇನ್ನೊಬ್ಬರ ಉಪದೇಶವೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಒಬ್ಬ ರೋಗಿಗೆ ಒಬ್ಬರೇ ವೈದ್ಯರು ಎಂಬ ಕಾಲ ಹೋಗಿದೆ. ಅರವತ್ತೈದು ದಾಟಿದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡಕ್ಕೆ ಎನಲಾಪ್ರಿಲ್ ಕೊಡುತ್ತಾರೆ. ಕಾಲಿನ ಊತಕ್ಕೆಂದು ಖಾಸಗಿ ವೈದ್ಯರು ನೀರಿನಂಶ ಇಳಿಸುವ ಮಾತ್ರೆ ಬರೆದಿದ್ದಾರೆ. ಮಂಡಿನೋವಿಗೆ ಡೈಕ್ಲೋಫೆನಾಕನ್ನು ಯಾವ ಚೀಟಿಯೂ ಇಲ್ಲದೆ ಮೊಮ್ಮಗ ಅಂಗಡಿಯಿಂದ ತಂದುಕೊಡುತ್ತಾನೆ. ಈ ಮೂರೂ ಬಿಡಿಬಿಡಿಯಾಗಿ ದಿನನಿತ್ಯದ ಔಷಧಗಳು. ಒಟ್ಟಿಗೆ ಸೇರಿದಾಗ ಮೂತ್ರಪಿಂಡವನ್ನು ಘಾಸಿಗೊಳಿಸಬಲ್ಲವು ಎಂಬುದು ವೈದ್ಯವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಇಬ್ಬರು ವೈದ್ಯರಲ್ಲಿ ಯಾರಿಗೂ ಇಡೀ ಚಿತ್ರ ಕಾಣುವುದಿಲ್ಲ. ಮೂರೂ ಕಾಣುವ ಅವಕಾಶವಿರುವುದು ಅದೇ ಬೀದಿಯ ಔಷಧದಂಗಡಿಗೆ. ಅಲ್ಲಿ ನಿಂತವರಿಗೆ ಓದಿದ ಕಣ್ಣಿದ್ದರೆ, ಮೂರನೆಯದನ್ನು ಕೊಡುವ ಮೊದಲು ‘ಅಜ್ಜಿಗೆ ಬಿಪಿ ಮಾತ್ರೆ ನಡೀತಾ ಇದೆಯಾ?’ ಎಂದು ಕೇಳುತ್ತಾರೆ.

ಚೀಟಿಯೇ ಸಂಪೂರ್ಣ ಸರಿಯಿದ್ದು, ವೈದ್ಯರೂ ಬಾಯಿಬಿಟ್ಟು ಹೇಳಿದ್ದು, ಆದರೂ ಕೈತಪ್ಪುವ ಔಷಧಗಳಿವೆ. ಮೆಥೋಟ್ರೆಕ್ಸೇಟ್ ಅದಕ್ಕೆ ಅತ್ಯಂತ ಕಠೋರ ಉದಾಹರಣೆ. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಇದನ್ನು ವಾರಕ್ಕೊಮ್ಮೆ ಕೊಡುತ್ತಾರೆ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆಯುತ್ತಾರೆ. ಎರಡೂ ಪುಟ್ಟ ಮಾತ್ರೆಗಳು. ಬಿಪಿ, ಶುಗರ್, ಥೈರಾಯ್ಡ್ ಎಂದು ನಿತ್ಯ ಮಾತ್ರೆ ನುಂಗುವ ಅಭ್ಯಾಸವಿರುವ ಮನೆಯಲ್ಲಿ, ವಾರಕ್ಕೊಂದು ಎಂಬ ಲೆಕ್ಕ ದಿನಕ್ಕೊಂದು ಎಂದಾಗಿಬಿಡುವುದು ಸುಲಭ. ಹಾಗೆ ಕೆಲವು ದಿನ ನಡೆದರೆ ಬಾಯಿತುಂಬ ಹುಣ್ಣು, ಜ್ವರ, ಅಸ್ಥಿಮಜ್ಜೆ ಕುಗ್ಗಿ ಬಿಳಿ ರಕ್ತಕಣಗಳ ಕುಸಿತ, ಕೊನೆಗೆ ಸಾವು. ಇಂಥ ಸಾವುಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಓದಿದ ಫಾರ್ಮಸಿಸ್ಟ್ ಇಲ್ಲಿ ಮಾಡುವುದೇನು? ‘ವಾರಕ್ಕೆ ಒಂದು’ ಎಂದಷ್ಟೇ ಹೇಳಿ ಕಳಿಸುವುದಿಲ್ಲ. ವಾರದ ಯಾವ ದಿನ ಎಂದು ರೋಗಿಯ ಬಾಯಿಂದಲೇ ಹೇಳಿಸುತ್ತಾರೆ, ‘ಭಾನುವಾರ ಮಾತ್ರ’ ಎಂದು ಕವರಿನ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆಯುತ್ತಾರೆ, ಒಂದು ತಿಂಗಳಿಗೆ ಬೇಕಾದಷ್ಟೇ ಮಾತ್ರೆ ಕೊಡುತ್ತಾರೆ, ಬಾಯಿಹುಣ್ಣು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಓಡಿ ಎನ್ನುತ್ತಾರೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ತಪ್ಪು ಔಷಧ ಬಳಕೆಯಿಂದ ಆಗುವ ನಷ್ಟ ಜಗತ್ತಿಗೆ ವರ್ಷಕ್ಕೆ 4,200 ಕೋಟಿ ಡಾಲರ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ಆ ಮೊತ್ತದ ಹಿಂದೆ ಇರುವುದು ಇಂಥದೇ ಮನೆಗಳು, ಇಂಥದೇ ಮಾತ್ರೆಗಳು.

ಹಾಗಿದ್ದೂ ಈ ಎರಡು ನಿಮಿಷ ನಮ್ಮ ಅಂಗಡಿಗಳಲ್ಲಿ ಯಾಕೆ ಸಿಗುವುದಿಲ್ಲ? ಫಾರ್ಮಸಿಸ್ಟರ ಸೋಮಾರಿತನವನ್ನು ದೂರುವುದು ಸುಲಭ, ಆದರೆ ಅದು ಸರಿಯಾದ ಉತ್ತರವಲ್ಲ. ಮೊದಲನೆಯ ಕಾರಣ, ಎಷ್ಟೋ ಕಡೆ ಫಾರ್ಮಸಿಸ್ಟರೇ ಅಲ್ಲಿರುವುದಿಲ್ಲ. ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುಹಾಕಿದ ನೋಂದಣಿ ಪತ್ರ ಒಬ್ಬರದು, ಕೌಂಟರಿನಲ್ಲಿ ನಿಂತವರು ಇನ್ನೊಬ್ಬರು. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವ ಈ ಪದ್ಧತಿ ಇಲಾಖೆಗೂ ಗೊತ್ತು, ಕೌನ್ಸಿಲ್ಲಿಗೂ ಗೊತ್ತು. ಫಾರ್ಮಸಿ ಕೌನ್ಸಿಲ್ ಇದರ ವಿರುದ್ಧ ಮತ್ತೆ ಮತ್ತೆ ಎಚ್ಚರಿಕೆ ಕೊಡುತ್ತಲೇ ಇದೆ. ತನ್ನ ಹೆಸರನ್ನು ಬಾಡಿಗೆಗೆ ಕೊಟ್ಟವರು ರೋಗಿಯ ಪ್ರಾಣದ ಕಾವಲನ್ನೇ ಬಾಡಿಗೆಗೆ ಕೊಟ್ಟಂತೆ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಎರಡನೆಯ ಕಾರಣ ಇನ್ನೂ ಆಳದ್ದು: ನಮ್ಮ ವ್ಯವಸ್ಥೆ ಹಣ ಕೊಡುವುದು ಮಾರಿದ ಡಬ್ಬಕ್ಕೆ, ಆಡಿದ ಮಾತಿಗಲ್ಲ. 2013ರ ಔಷಧ ದರ ನಿಯಂತ್ರಣ ಆದೇಶದಲ್ಲಿ ದರ ನಿಗದಿಯಾದ ಔಷಧಗಳಿಗೆ ಚಿಲ್ಲರೆ ಮಾರಾಟಗಾರರ ಪಾಲು ಶೇ. 16. ದುಬಾರಿ ಮಾತ್ರೆ ಮಾರಿದರೆ ಪಾಲು ದೊಡ್ಡದು, ಅಗ್ಗದ್ದು ಮಾರಿದರೆ ಸಣ್ಣದು, ‘ಇದು ನಿಮಗೆ ಬೇಡ’ ಎಂದು ವಾಪಸು ಕಳಿಸಿದರೆ ಸೊನ್ನೆ. ಮೆಥೋಟ್ರೆಕ್ಸೇಟ್ ಕೆಲವೇ ರೂಪಾಯಿಗಳ ಮಾತ್ರೆ. ಅದರ ಬಗ್ಗೆ ಎರಡು ನಿಮಿಷ ಮಾತಾಡಿ ಒಂದು ಜೀವ ಉಳಿಸಿದವರಿಗೂ, ಮಾತಾಡದೆ ಎಸೆದವರಿಗೂ ಸಿಗುವ ಆದಾಯ ಒಂದೇ. ಅದರ ಮೇಲೆ ಆನ್‌ಲೈನ್ ಕಂಪನಿಗಳೂ ಸರಣಿ ಅಂಗಡಿಗಳೂ ರಿಯಾಯಿತಿಯ ಪೈಪೋಟಿಗೆ ಇಳಿದಿವೆ. ಆ ಪೈಪೋಟಿಯಲ್ಲಿ ಬೀದಿಯಂಗಡಿ ಮೊದಲು ಕಡಿತ ಮಾಡುವುದು ಓದಿದ ಮನುಷ್ಯರ ಸಂಬಳವನ್ನು.

ಇಲ್ಲಿಯೇ ಅತ್ಯಂತ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಮಾರಾಟದಿಂದ ಲಾಭ ಮಾಡುವವರ ಕೈಗೇ ಸಲಹೆಯನ್ನೂ ಕೊಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದಿಲ್ಲವೇ? ಈಗಲೇ ಜ್ವರ ಎಂದರೆ ಅಂಗಡಿಯವರೇ ಆ್ಯಂಟಿಬಯಾಟಿಕ್ ಕೊಡುತ್ತಾರೆ, ನಿದ್ದೆ ಬರುತ್ತಿಲ್ಲ ಎಂದರೆ ನಿದ್ದೆ ಮಾತ್ರೆ. ಇದು ಸುಳ್ಳಲ್ಲ. ಇದೇ ಆತಂಕದಿಂದ 2014ರ ಮಾರ್ಚ್ 1ರಿಂದ ‘ಎಚ್1’ ಅನುಸೂಚಿ ಜಾರಿಗೆ ಬಂತು. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹತ್ತಿಸಬಲ್ಲ ಮಾತ್ರೆಗಳು ಸೇರಿ ಮೊದಲಿಗೆ 46 ಔಷಧಗಳನ್ನು ಅದರಲ್ಲಿ ಸೇರಿಸಿದರು. ಚೀಟಿ ಬರೆದವರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2016ರಲ್ಲಿ ಆ್ಯಂಟಿಬಯಾಟಿಕ್ ಪಟ್ಟಿಗಳ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಅಭಿಯಾನ ನಡೆಯಿತು. 2024ರ ಜನವರಿಯಲ್ಲಿ ಕೇರಳ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವ ಅಂಗಡಿಗಳ ಮೇಲೆ ದಿಢೀರ್ ತಪಾಸಣೆಗೆ ಇಳಿಯಿತು. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಬಲಪಡಿಸುತ್ತದೆ. ಚೀಟಿ ಇಲ್ಲದೆ ಸೆಫಿಕ್ಸಿಮ್ ಮಾರುವುದು ಫಾರ್ಮಸಿಸ್ಟರ ಕೆಲಸ ಅತಿಯಾದುದರ ಲಕ್ಷಣವಲ್ಲ, ಆ ಕೆಲಸ ಇಲ್ಲವಾದುದರ ಲಕ್ಷಣ. ಆದಾಯವೆಲ್ಲ ಮಾರಾಟದಿಂದಲೇ ಬರುವಲ್ಲಿ ‘ಇಲ್ಲ’ ಎನ್ನುವುದಕ್ಕೆ ಅಸಾಮಾನ್ಯ ಧೈರ್ಯ ಬೇಕು. ಅಂಥ ಧೈರ್ಯ ತೋರುವ ಫಾರ್ಮಸಿಸ್ಟರು ನಮ್ಮ ನಡುವೆ ಇದ್ದಾರೆ, ಗಿರಾಕಿ ಮುನಿಸಿಕೊಂಡು ಪಕ್ಕದಂಗಡಿಗೆ ಹೋಗುವುದನ್ನು ದಿನವೂ ನೋಡುತ್ತಾರೆ. ಅವರ ಪರವಾಗಿ ವ್ಯವಸ್ಥೆ ನಿಲ್ಲಬೇಕು.

ಹೊರದೇಶಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿವೆ ಎಂಬುದನ್ನು ನೋಡಬಹುದು. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ಜಾರಿಯಾದ ‘ಫಾರ್ಮಸಿ ಫಸ್ಟ್’ ಯೋಜನೆಯಲ್ಲಿ ಗಂಟಲು ನೋವು, ಕಿವಿ ನೋವು, ಸರ್ಪಸುತ್ತು, ಮಹಿಳೆಯರ ಸರಳ ಮೂತ್ರಸೋಂಕು ಸೇರಿ ಏಳು ತೊಂದರೆಗಳಿಗೆ ಫಾರ್ಮಸಿಸ್ಟರೇ ನೋಡಿ ಔಷಧ ಕೊಡಬಹುದು. ಆದರೆ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಯಾವಾಗ ವೈದ್ಯರಲ್ಲಿಗೆ ಕಳಿಸಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟಿದ್ದಾರೆ. ಆರಂಭದಲ್ಲಿ ಪ್ರತಿ ಸಮಾಲೋಚನೆಗೆ ಸರ್ಕಾರ ಕೊಟ್ಟದ್ದು 15 ಪೌಂಡ್. ಔಷಧ ಕೊಡದೆ ಬರೀ ಸಲಹೆ ಕೊಟ್ಟು ಕಳಿಸಿದರೂ ಆ ಹಣ ಬರುತ್ತದೆ. ಗಮನಿಸಬೇಕಾದ್ದು ಈ ಕೊನೆಯ ಅಂಶ. ಆಸ್ಟ್ರೇಲಿಯಾದಲ್ಲಿ 2001ರಿಂದಲೂ ವೈದ್ಯರ ಸೂಚನೆಯ ಮೇರೆಗೆ ಫಾರ್ಮಸಿಸ್ಟ್ ರೋಗಿಯ ಮನೆಗೇ ಹೋಗಿ, ಕಪಾಟಿನಲ್ಲಿರುವ ಮಾತ್ರೆಗಳನ್ನೆಲ್ಲ ಹರವಿ ಪರಿಶೀಲಿಸಿ, ವೈದ್ಯರಿಗೆ ವರದಿ ಕೊಡುವ ಪದ್ಧತಿಯಿದೆ. ಅದಕ್ಕೂ ಸರ್ಕಾರವೇ ಹಣ ಕೊಡುತ್ತದೆ. ಏಳು ತೊಂದರೆಗಳ ಅಧಿಕಾರವನ್ನು ನಾಳೆಯೇ ನಮ್ಮ ಅಂಗಡಿಗಳಿಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಸರ್ಟಿಫಿಕೇಟ್ ಬಾಡಿಗೆ ನಿಲ್ಲದ ಕಡೆ ಅದು ಅಪಾಯ. ಔಷಧ ಮಾರದೆ ಇದ್ದರೂ ಫಾರ್ಮಸಿಸ್ಟರಿಗೆ ಸಂಭಾವನೆ ಸಿಗುವ ದಾರಿಯನ್ನು ನಾವೂ ಹುಡುಕಲೇಬೇಕು ಎಂಬುದಷ್ಟೇ ನನ್ನ ಮಾತು.

ಬ್ರ್ಯಾಂಡ್ ಬದಲಾವಣೆಯ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಚೀಟಿಯಲ್ಲಿ ದುಬಾರಿ ಬ್ರ್ಯಾಂಡ್ ಇದ್ದು, ಅದೇ ಔಷಧ ಜನೌಷಧಿ ಕೇಂದ್ರದ ದರದಲ್ಲಿ ಸಿಗುವಾಗ ಫಾರ್ಮಸಿಸ್ಟರೇ ಅದನ್ನು ಕೊಡಬಾರದೇಕೆ? ಈಗಿನ ನಿಯಮದಲ್ಲಿ ಚೀಟಿ ಇಲ್ಲದೆ ಮಾರಬಾರದ ಎಚ್, ಎಚ್1, ಎಕ್ಸ್ ಅನುಸೂಚಿಯ ಔಷಧಗಳಿಗೆ ಬದಲಿ ಕೊಡುವಂತಿಲ್ಲ, ಒಳಗಿನ ರಾಸಾಯನಿಕ ಒಂದೇ ಆಗಿದ್ದರೂ. ಜೆನೆರಿಕ್ ಹೆಸರಿನಲ್ಲೇ ಬರೆಯಬೇಕೆಂದು 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ನಿಯಮ, ವೈದ್ಯರ ವಿರೋಧದ ನಡುವೆ ಕೆಲವೇ ವಾರಗಳಲ್ಲಿ ತಡೆಯಾಯಿತು. ಗುಣಮಟ್ಟದ ಬಗ್ಗೆ ವೈದ್ಯರ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಫಿಟ್ಸ್ ಔಷಧ, ಥೈರಾಯ್ಡ್ ಮಾತ್ರೆಗಳಂಥವುಗಳಲ್ಲಿ ತಯಾರಕರು ಬದಲಾದರೆ ಎಚ್ಚರ ಬೇಕು. ಉಳಿದ ಬಹುಪಾಲು ಔಷಧಗಳಲ್ಲಿ, ರೋಗಿಯ ಒಪ್ಪಿಗೆ ಪಡೆದು, ಬಿಲ್ಲಿನಲ್ಲಿ ನಮೂದಿಸಿ ಬದಲಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗಿರಬೇಕು.

ಗುಣಮಟ್ಟದ ಮಾತು ಬಂದಾಗ 2025ರ ಶರತ್ಕಾಲವನ್ನು ಮರೆಯಲಾಗದು. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ವಿಷವನ್ನು ಯಾವ ಫಾರ್ಮಸಿಸ್ಟರೂ ಕಣ್ಣಿನಿಂದ ಕಂಡುಹಿಡಿಯಲಾರರು. ಅದು ಕಾರ್ಖಾನೆಯ, ನಿಯಂತ್ರಕರ ಹೊಣೆ. ಆದರೆ ಆ ಸಿರಪ್ಪಿನಲ್ಲಿದ್ದ ನೆಗಡಿ ಔಷಧಗಳ ಸಂಯೋಜನೆಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದರು. ‘ಮಗುವಿಗೆ ಎಷ್ಟು ವಯಸ್ಸು?’ ಎಂದು ಕೇಳುವ ಕೌಂಟರುಗಳು ಹೆಚ್ಚಿದ್ದಷ್ಟೂ ಇಂಥ ಸಿರಪ್ಪುಗಳು ತಲುಪುವ ಮನೆಗಳು ಕಡಿಮೆಯಾಗುತ್ತವೆ. ಅವಘಡ ನಡೆದಾಗ ಯಾವ ಬ್ಯಾಚು, ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಹೇಳಬೇಕಾದವರೂ ಫಾರ್ಮಸಿಸ್ಟರೇ. ಹತ್ತು ಮಾತ್ರೆಯ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ, ಬಿಲ್ ಇಲ್ಲದೆ ಕಾಗದದ ಕವರಿನಲ್ಲಿ ಹಾಕಿಕೊಟ್ಟಾಗ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಮನೆಗೆ ಹೋಗುವುದು ಗುರುತಿಲ್ಲದ ನಾಲ್ಕು ಮಾತ್ರೆ. ಮೈಮೇಲೆ ದದ್ದು ಎದ್ದು ಆಸ್ಪತ್ರೆಗೆ ಓಡಿದರೆ ಏನು ನುಂಗಿದ್ದರೆಂದು ಹೇಳಲು ರೋಗಿಗೆ ದಾರಿಯೇ ಇಲ್ಲ. ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವಿದೆ, 1800-180-3024 ಎಂಬ ಉಚಿತ ಸಹಾಯವಾಣಿಯಿದೆ, ಗ್ರಾಹಕರೇ ತುಂಬಬಹುದಾದ ನಮೂನೆ ಕನ್ನಡದಲ್ಲೂ ಇದೆ. ಆ ಸಂಖ್ಯೆಯನ್ನು ಕವರಿನ ಮೇಲೆ ಮುದ್ರಿಸಿದ ಅಂಗಡಿ ಎಷ್ಟಿವೆ?

ಹಳ್ಳಿಗಳ ಮಾತೇನು ಎಂಬ ಆಕ್ಷೇಪಕ್ಕೂ ಉತ್ತರ ಕೊಡಬೇಕು. ಫಾರ್ಮಸಿಸ್ಟ್ ಸದಾ ಹಾಜರಿರಲೇಬೇಕೆಂದು ಬಿಗಿ ಮಾಡಿದರೆ ಹೋಬಳಿಯ ಒಂದೇ ಒಂದು ಅಂಗಡಿಯೂ ಬಾಗಿಲು ಹಾಕೀತು, ಜನ ಮೂವತ್ತು ಕಿಲೋಮೀಟರ್ ಹೋಗಬೇಕಾದೀತು ಎಂಬ ಭಯ ನಿಜವಾದದ್ದೇ. ಆದ್ದರಿಂದ ಬಿಗಿಯನ್ನು ಮೊದಲು ಜಿಲ್ಲಾಕೇಂದ್ರಗಳಲ್ಲಿ, ದೊಡ್ಡ ಆಸ್ಪತ್ರೆಗಳ ಸುತ್ತಲಿನ ಅಂಗಡಿಗಳಲ್ಲಿ, ಸರಣಿ ಮಳಿಗೆಗಳಲ್ಲಿ ಆರಂಭಿಸಬಹುದು. ಅಲ್ಲಿ ಜನರಿಲ್ಲ, ಹಣವಿಲ್ಲ ಎನ್ನುವ ನೆಪ ನಡೆಯದು. ಎಲ್ಲ ಔಷಧಕ್ಕೂ ಒಟ್ಟಿಗೆ ಸಮಾಲೋಚನೆ ಕಡ್ಡಾಯ ಮಾಡುವ ಬದಲು ಇನ್ಸುಲಿನ್, ಮೆಥೋಟ್ರೆಕ್ಸೇಟ್, ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್ ಔಷಧ, ಇನ್‌ಹೇಲರ್ ಇಷ್ಟನ್ನೇ ಹಿಡಿದುಕೊಂಡು, ಮೊದಲ ಸಲ ಕೊಡುವಾಗ ಫಾರ್ಮಸಿಸ್ಟರೇ ಮಾತಾಡಿ ಸಹಿ ಹಾಕಬೇಕೆಂದು ನಿಯಮ ಮಾಡಲಿ. ಆ ಸಹಿಗೆ ಸಣ್ಣದೊಂದು ಶುಲ್ಕವನ್ನು ಆರೋಗ್ಯ ವಿಮೆಯ ಯೋಜನೆಗಳಿಂದಲೇ ಕೊಡಲಿ.

ಹಳ್ಳಿಯ ಮಟ್ಟಿಗೆ ಅಂಗಡಿಗಿಂತ ಹತ್ತಿರದ ದಾರಿಯೊಂದು ಕರ್ನಾಟಕದ ಕೈಯಲ್ಲೇ ಇದೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ಬಳಿಕ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಹೋಗಿ ಮೂವತ್ತು ದಾಟಿದವರ ಬಿಪಿ, ಶುಗರ್ ತಪಾಸಣೆ ಮಾಡುತ್ತಾರೆ, ಔಷಧವನ್ನೂ ತಲುಪಿಸುತ್ತಾರೆ. ಮನೆಯೊಳಗೆ ಕಾಲಿಟ್ಟ ಮೇಲೆ ಕಪಾಟಿನಲ್ಲಿ ಈಗಾಗಲೇ ಇರುವ ಮಾತ್ರೆಗಳ ಹೆಸರು ಬರೆದುಕೊಂಡು ಬರುವುದು ದೊಡ್ಡ ಹೊರೆಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿ ಅಧಿಕಾರಿ ಆ ಪಟ್ಟಿಯನ್ನು ನೋಡಿ, ಡೈಕ್ಲೋಫೆನಾಕ್ ಎಲ್ಲಿ ಎನಲಾಪ್ರಿಲ್ ಜೊತೆ ಸೇರಿದೆ, ಒಂದೇ ಶುಗರ್ ಮಾತ್ರೆ ಎರಡು ಹೆಸರಿನಲ್ಲಿ ಎಲ್ಲಿ ನಡೆಯುತ್ತಿದೆ ಎಂದು ಗುರುತು ಹಾಕಿ ವೈದ್ಯಾಧಿಕಾರಿಗೆ ಕೊಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ. ಫಾರ್ಮಸಿ ಅಧಿಕಾರಿಯನ್ನು ದಾಸ್ತಾನು ಲೆಕ್ಕ, ಇಂಡೆಂಟು, ಆನ್‌ಲೈನ್ ನಮೂದುಗಳ ಮುಂದೆ ಇಡೀ ದಿನ ಕೂರಿಸದೆ, ವಾರದಲ್ಲಿ ಒಂದು ಅರ್ಧ ದಿನವನ್ನು ಈ ಪಟ್ಟಿಗಳಿಗೆಂದು ಬಿಡುವು ಮಾಡಿಕೊಡುವ ಇಲಾಖಾ ಸುತ್ತೋಲೆ ಸಾಕು.